ಮಲಪನ ಬ್ಯಾಡ್ಜು

ಸಾಹಿತ್ಯ ಸಮ್ಮೇಳನಕ್ಕೆ ಹೋಗಿಬಂದವರ ಮನೆಯಲ್ಲಿ ಪ್ರತಿನಿಧಿ ಬ್ಯಾಡ್ಜಿಗೆ ಹೆಚ್ಚು ಆಯುಷ್ಯವಿರುವುದಿಲ್ಲ. ಓಓಡಿ ಸಿಕ್ಕಿತು, ಹೋಳಿಗೆ ಊಟದ ಸಾಲಿನಲ್ಲಿ ತೋರಿಸಿದ್ದಾಯಿತು, ಊರಿಗೆ ಬಂದ ಮೇಲೆ ಒಂದು ವಾರ ಬಾಗಿಲ ಮೊಳೆಗೆ ನೇತಾಡಿತು, ಮುಗಿಯಿತು. ಆದರೆ ಸಮ್ಮೇಳನ ಮುಗಿದ ಮೇಲೇ ಬ್ಯಾಡ್ಜಿನ ನಿಜವಾದ ಬಾಳು ಶುರುವಾಗುತ್ತದೆ ಎಂದು ನಂಬುವ ಒಂದು ಪಂಥ ಈ ಜಗತ್ತಿನಲ್ಲಿದೆ. ಐವತ್ತು ದಾಟಿ ಕನ್ನಡಕದ ನಂಬರು ಏರುತ್ತಿರುವ ಹೊತ್ತಿನಲ್ಲಿ ನಾನು ಆ ಪಂಥದ ದೀಕ್ಷೆ ತೆಗೆದುಕೊಂಡಿದ್ದೇನೆ. ವಿಭೂತಿ ಬೇಡ, ರುದ್ರಾಕ್ಷಿ ಬೇಡ. ಸೋಲ್ಡರಿಂಗ್ ಐರನ್ ತಾಗಿ ಸುಟ್ಟ ಹೆಬ್ಬೆರಳೇ ಲಾಂಛನ.

ಪಂಥದ ಮೂಲಪೀಠ ಲಾಸ್ ವೇಗಸ್. ಅಲ್ಲಿ ನಡೆಯುವ ಡೆಫ್ ಕಾನ್ ಎಂಬ ಹ್ಯಾಕರುಗಳ ಜಾತ್ರೆಗೆ 2006ರಲ್ಲಿ ಜೋ ಗ್ರ್ಯಾಂಡ್ ಎಂಬ ಎಂಜಿನಿಯರ್ ಮೊದಲ ಎಲೆಕ್ಟ್ರಾನಿಕ್ ಬ್ಯಾಡ್ಜು ಮಾಡಿಕೊಟ್ಟ. ಬಂದವರು ಅದನ್ನು ಕೊರಳಿಗೆ ಹಾಕಿಕೊಂಡು ಸುಮ್ಮನೆ ಭಾಷಣ ಕೇಳುತ್ತಾರೆಯೇ? ಮೂಲೆ ಹಿಡಿದು ಬಿಚ್ಚಿದರು. ಬಿಚ್ಚುವುದಕ್ಕೇ ಸ್ಪರ್ಧೆ, ಬಿಚ್ಚಿದ್ದಕ್ಕೇ ಬಹುಮಾನ. 2008ರ ಬ್ಯಾಡ್ಜಿಗೆ ಸುತ್ತಲಿನ ಟಿವಿಗಳನ್ನು ಆರಿಸುವ ವಿದ್ಯೆ ಬರುತ್ತಿತ್ತು. (ಸಂಜೆ ಏಳರ ಮೇಲೆ ಪಕ್ಕದ ಫ್ಲ್ಯಾಟಿನ ಧಾರಾವಾಹಿಯ ಅಳು ಗೋಡೆ ದಾಟಿ ಬರುವಾಗ ಆ ಬ್ಯಾಡ್ಜನ್ನು ನಾನು ಭಕ್ತಿಯಿಂದ ನೆನೆಯುತ್ತೇನೆ.) 2022ರಲ್ಲಿ ಹ್ಯಾಕಡೇ ಸೂಪರ್‌ಕಾನ್‌ ಎಂಬ ಇನ್ನೊಂದು ಜಾತ್ರೆಯವರು ವೋಯಾ ಆಂಟೋನಿಚ್ ಕೈಯಲ್ಲಿ ಮಾಡಿಸಿದ್ದಂತೂ ನಾಲ್ಕು ಬಿಟ್ಟಿನ ಒಂದು ಪೂರ್ತಿ ಕಂಪ್ಯೂಟರು, ಗುಂಡಿ ಒತ್ತಿ ಒತ್ತಿ ಅದಕ್ಕೆ ಪ್ರೋಗ್ರಾಮು ಉಣ್ಣಿಸಬೇಕು. 1983ರಲ್ಲಿ ಯುಗೊಸ್ಲಾವಿಯಾದ ಜನ ಮನೆಯಲ್ಲೇ ಜೋಡಿಸಿಕೊಳ್ಳಲಿ ಎಂದು ಗಲಾಕ್ಸಿಯಾ ಕಂಪ್ಯೂಟರು ಕೊಟ್ಟವನೂ ಇದೇ ಆಂಟೋನಿಚ್. ನಮ್ಮಲ್ಲಿ ಹ್ಯಾಕರುಗಳು 2010ರಿಂದ ಗೋವಾದ ನಲ್‌ಕಾನ್‌ಗೆ ಹೋಗುತ್ತಾರೆ, ಜೊತೆಗೆ ಸಮುದ್ರವನ್ನೂ ನೋಡಿ ಬರುತ್ತಾರೆ.

ಅಂಥವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನ್ನದಲ್ಲ. ಮೊಬೈಲ್ ಅಂಗಡಿಯ ಹುಡುಗರು ಎದೆಗೆ ಸಿಕ್ಕಿಸಿಕೊಂಡು 'ಆಫರ್ ಆಫರ್' ಎಂದು ಓಡಿಸುತ್ತಾರಲ್ಲ, ಆ ಬಡ ಬ್ಯಾಡ್ಜು ನನ್ನದು. ಪುಣೆಯ ಒಂದು ಕಾಲೇಜಿನಲ್ಲಿ ನಡೆದ ಸಾಫ್ಟ್‌ವೇರ್ ಸಭೆಯಲ್ಲಿ ಕೈಗಿಟ್ಟರು. ಅಡ್ಡಕ್ಕೆ 44, ಎತ್ತರಕ್ಕೆ 11, ಒಟ್ಟು 484 ದೀಪದ ಚುಕ್ಕಿ. ಒಳಗೆ ಕಿರುಬೆರಳ ಉಗುರಿನಷ್ಟು ದೊಡ್ಡ ಸಿಎಚ್582 ಎಂಬ ಚಿಪ್ಪು ಇಷ್ಟು ದೀಪಗಳನ್ನೂ ಬರೀ 23 ಕಾಲುಗಳಿಂದ ಕುಣಿಸುತ್ತದೆ. ಒಂದೇ ಕಾಲು ಈ ಕ್ಷಣ ಕೊಡುವವ, ಮರುಕ್ಷಣ ಇಸಿದುಕೊಳ್ಳುವವ. ಈ ವ್ಯವಹಾರಕ್ಕೆ ಚಾರ್ಲಿಪ್ಲೆಕ್ಸಿಂಗ್ ಅನ್ನುತ್ತಾರೆ. ಒಂದು ಕಾಲಿನ ಬೆಸುಗೆ ಸಡಿಲಾಯಿತೋ, ಹಲಗೆಯ ತುಂಬ ಕಂಡಕಂಡಲ್ಲಿ ಕತ್ತಲೆ. ಫಾಸ್‌ಏಷ್ಯಾ ಎಂಬ ಬಳಗದವರು ಇದಕ್ಕೆ ಮುಕ್ತ ಫರ್ಮ್‌ವೇರ್ ಬರೆದಿಟ್ಟಿದ್ದಾರೆ. ಅಂದರೆ ಯಾರು ಬೇಕಾದರೂ ಕೆಡಿಸಬಹುದು, ಯಾರನ್ನೂ ಕೇಳಬೇಕಿಲ್ಲ. ಇಷ್ಟು ಪ್ರೀತಿಯಿಂದ ಕರೆದರೆ ಹೋಗದಿರುವುದು ಹೇಗೆ?

ಸಭೆಯವರು ಇಂಗ್ಲಿಷಿನಲ್ಲಿ ಹಾಕಿಕೊಟ್ಟ ನನ್ನ ಹೆಸರು ಬಲದಿಂದ ಎಡಕ್ಕೆ ಲಕ್ಷಣವಾಗಿ ಓಡುತ್ತಿತ್ತು. ಓಡಲಿ ಎಂದು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಧಾರವಾಡ ಬಿಟ್ಟು ಪುಣೆ ಸೇರಿದವನಿಗೆ ಇಂಥ ಹೊತ್ತಿನಲ್ಲೇ ಕನ್ನಡ ಎದ್ದು ಕೂರುತ್ತದೆ. ಹೆಸರು ಕನ್ನಡದಲ್ಲೇ ಹೊತ್ತಬೇಕು ಅಂತ ತೀರ್ಮಾನಿಸಿದೆ. ಬ್ಯಾಡ್ಜಿಗೆ ಬರೆಯುವ ಫೋನಿನ ಆ್ಯಪಿನಲ್ಲಿ ಚೌಕುಳಿ ಹಾಳೆ ಇದೆ, ಬೇಕಾದ ಚುಕ್ಕಿಯನ್ನು ಬೆರಳಿನಿಂದ ಮುಟ್ಟಿದರೆ ಹೊತ್ತುತ್ತದೆ, ಬೇಡವಾದರೆ ಆರಿಸಲೂಬಹುದು. ಒಳ್ಳೆಯ ಹೊತ್ತು ನೋಡಿ ಶುರುಮಾಡಿದೆ.

ನನ್ನ ಹೆಸರು ಮಲ್ಲಪ್ಪ. ಮೂರೇ ಅಕ್ಷರ. ಅಗಲಕ್ಕೆ ಬರವೇ ಇಲ್ಲ, 44 ಚುಕ್ಕಿಯಲ್ಲಿ ಅಕ್ಷರಗಳು ಕಾಲು ಚಾಚಿ ಮಲಗಬಹುದು. ಬರ ಇದ್ದದ್ದು ಎತ್ತರಕ್ಕೆ. ಇಂಗ್ಲಿಷ್ ಅಕ್ಷರ ಹನ್ನೊಂದು ಸಾಲಿನಲ್ಲಿ ಒಬ್ಬನೇ ಯಜಮಾನ, ಅವನ ಕೆಳಗೆ ಬಾಡಿಗೆಗೆ ಯಾರೂ ಇಲ್ಲ. ನಮ್ಮ ಪಕಾರಕ್ಕೆ ತಲೆಯ ಮೇಲೆ ತಲಕಟ್ಟು, ನಡುವೆ ಸಂಸಾರ, ನೆಲಮಾಳಿಗೆಯಲ್ಲಿ ಇನ್ನೊಂದು ಪಕಾರ. ಮೊದಲ ಸಲ ಬರೆದಾಗ ಒತ್ತುಗಳೆಲ್ಲ ಹಾಳೆಯಿಂದ ಕೆಳಗೆ ಬಿದ್ದುಹೋದವು, ಎದೆಯ ಮೇಲೆ 'ಮಲಪ' ಎಂದು ಹೊತ್ತಿತು. ಮೊದಲ ಎರಡು ಅಕ್ಷರ ಓದಿ ಮೂರನೆಯದಕ್ಕೆ ಕಾಯದವರು ನನ್ನನ್ನು ಏನೆಂದು ತಿಳಿದಾರು? ಕತ್ತೆಯ ಒತ್ತು ತೆಗೆದರೆ ಕತೆಯಾದರೂ ಆಗುತ್ತದೆ, ಹಳ್ಳಿ ರೈಲ್ವೆ ಹಳಿಯಾಗಿ ಬದುಕಿಕೊಳ್ಳುತ್ತದೆ. ಮಲ್ಲಪ್ಪನಿಗೆ ಆ ಭಾಗ್ಯವೂ ಇಲ್ಲ.

ಒತ್ತಿಗೆ ನಾಲ್ಕು ಸಾಲು ಬಿಟ್ಟೆ. ಒತ್ತಿಗೂ ಅಕ್ಷರಕ್ಕೂ ನಡುವೆ ಒಂದು ಸಾಲು ಕತ್ತಲೆ ಬೇಕಲ್ಲ, ಅದು ಹೋಯಿತು. ಉಳಿದ ಆರರಲ್ಲಿ ತಲಕಟ್ಟಿಗೆ ಒಂದು. ಐದು ಸಾಲಿನಲ್ಲಿ ಮಕಾರ ಬರೆದು ನೋಡಿ, ಅದು ವಕಾರವೇ. ಪಕಾರಕ್ಕೂ ವಕಾರಕ್ಕೂ ನಡುವೆ ಇರುವುದು ಒಂದೇ ದೀಪದ ಮರ್ಯಾದೆ. ಹೊಟ್ಟೆಯ ಹತ್ತಿರ ಬೆರಳು ಸ್ವಲ್ಪ ಆಚೀಚೆ ಆಗಿ ಇನ್ನೊಂದು ದೀಪ ಹೊತ್ತಿತೋ, ಪಕಾರ ಷಕಾರವಾಗಿ 'ಮಲ್ಲಷ್ಪ'. ತಲಕಟ್ಟನ್ನೇ ಕಿತ್ತುಹಾಕಿ ನೋಡಿದೆ. ಶುಭಕಾರ್ಯದಲ್ಲಿ ಪೇಟ ಬಿದ್ದುಹೋದ ಬೀಗರಂತೆ ಅಕ್ಷರಗಳು ಪಿಳಿಪಿಳಿ ನೋಡಿದವು.

ಒತ್ತಿನ ತಲೆನೋವು ಪುಣೆಗೆ ಹೊಸದಲ್ಲ. 1988ರಲ್ಲಿ ಇಲ್ಲಿ ಶುರುವಾದ ಸಿ-ಡ್ಯಾಕ್ ಎಂದರೆ ಎಲ್ಲರಿಗೂ ಪರಮ್ ಸೂಪರ್‌ಕಂಪ್ಯೂಟರೇ ಕಣ್ಣಿಗೆ ಬರುತ್ತದೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು. ಡಾಸ್ ಕಾಲದ ಪಿಸಿಯ ಹೊಟ್ಟೆಯೊಳಗೆ ಅದನ್ನು ಸಿಕ್ಕಿಸಿದರೆ ಪರದೆಯ ಮೇಲೆ ಕನ್ನಡ, ಮರಾಠಿ, ಒತ್ತು ದೀರ್ಘ ಸಮೇತ. ಆ ಕಾಲದಲ್ಲಿ ಅಕ್ಷರದ ಕೆಳಗೆ ಅಕ್ಷರ ಕೂರಿಸಲು ಯಾರೋ ಪುಣ್ಯಾತ್ಮರು ರಾತ್ರಿ ನಿದ್ದೆಗೆಟ್ಟಿದ್ದಾರೆ. ನನ್ನ ಆಫೀಸಿನ ಹುಡುಗನಿಗೆ ಇದನ್ನು ವಿವರಿಸಿದೆ. ಪೂರಾ ಕೇಳಿಸಿಕೊಂಡು, "ಅಂಕಲ್, ಇಂಗ್ಲಿಷಿನಲ್ಲಿ ಚೆನ್ನಾಗಿ ಬರ್ತಿತ್ತಲ್ಲ?" ಅಂದ. ಇಂಥ ಹುಡುಗರಿಗೆ ಮದುವೆಯಾದ ಮೇಲೆ ಬುದ್ಧಿ ಬರುತ್ತದೆ ಅನ್ನುತ್ತಾರೆ, ನನಗೆ ನಂಬಿಕೆಯಿಲ್ಲ.

ದಾರಿ ತೋರಿಸಿದ್ದು ಸ್ವಾರಗೇಟ್ ಹತ್ತಿರದ ಒಂದು ಲಾಡ್ಜು. ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇತ್ತು, ಕಿಟಕಿಯ ನೇರಕ್ಕೆ ಲಾಡ್ಜಿನ ಬೋರ್ಡು: ಗೋಡೆಯಿಂದ ಹೊರಗೆ ಚಾಚಿದ ಸಪೂರ ಹಲಗೆ, ಅಕ್ಷರದ ಕೆಳಗೆ ಅಕ್ಷರ ಮೆಟ್ಟಿಲಿನಂತೆ ಇಳಿದಿದ್ದವು. ಬ್ಯಾಡ್ಜನ್ನು ನೆಟ್ಟಗೆ ನಿಲ್ಲಿಸಿದರೆ ಅಗಲ 11, ಎತ್ತರ 44! ಒಂದೊಂದು ಅಕ್ಷರಕ್ಕೆ 14 ಸಾಲು ಕೊಟ್ಟರೂ ನಡುವೆ ಉಸಿರಾಡಲು ಒಂದೊಂದು ಸಾಲು ಮಿಗುತ್ತದೆ. ಮ, ಅದರ ಕೆಳಗೆ ಲ್ಲ, ಅದರ ಕೆಳಗೆ ಪ್ಪ, ಎಲ್ಲರೂ ತಮ್ಮತಮ್ಮ ಒತ್ತಿನೊಂದಿಗೆ ಸುಖವಾಗಿ. ಬಸ್ಸಿನಲ್ಲಿ ನಾನು ತೊಡೆ ತಟ್ಟಿಕೊಂಡದ್ದಕ್ಕೆ ಪಕ್ಕದ ಅಜ್ಜಿ ಚೀಲ ಹತ್ತಿರ ಎಳೆದುಕೊಂಡಳು.

ಒಂದೇ ತೊಡಕು. ಆ್ಯಪಿನ ಹಾಳೆ ಅಡ್ಡ ಇರುತ್ತದೆ. ಅಕ್ಷರಗಳನ್ನು ಮಗ್ಗುಲಾಗಿ ಮಲಗಿಸಿ ಬರೆಯಬೇಕು. ಮಲಗಿದ ಕನ್ನಡವನ್ನು ಕೂತ ಮನುಷ್ಯ ಬರೆಯಲಾರ, ಇದು ಪ್ರಯೋಗದಿಂದ ಗೊತ್ತಾಯಿತು. ಮಲಗಿದ ಪಕಾರ ಕೂತವನ ಕಣ್ಣಿಗೆ ತಂಬಿಗೆಯಾಗಿ ಕಾಣುತ್ತದೆ. ಸರಿ, ಫೋನನ್ನೇ ತಿರುಗಿಸಿದೆ, ಹಾಳೆಯೂ ತಿರುಗಿ ಮತ್ತೆ ಅಡ್ಡವಾಯಿತು. ಮೋಸದಿಂದ ನಿಧಾನಕ್ಕೆ ತಿರುಗಿಸಿದೆ, ಅದು ನನಗಿಂತ ನಿಧಾನಕ್ಕೆ ತಿರುಗಿತು. ಇನ್ನು ತಿರುಗಬೇಕಾದವನು ನಾನೇ. ದಿವಾನದ ಮೇಲೆ ಎಡ ಮಗ್ಗುಲಾಗಿ ಮಲಗಿದೆ. ಫೋನನ್ನು ಎರಡು ದಿಂಬಿನ ನಡುವೆ ಅಡ್ಡ ನಿಲ್ಲಿಸಿದೆ. ಈಗ ಕನ್ನಡ ನೆಟ್ಟಗೆ ಕಂಡಿತು, ಆದರೆ ಕನ್ನಡಕ ಮೂಗಿನಿಂದ ಜಾರಿ ಕಿವಿಗೆ ಬಂತು. ದಾರ ಕಟ್ಟಿಕೊಂಡೆ. ಎಡಗೈ ಮೈಯಡಿ ಸಿಕ್ಕಿ ಜೋಮು ಹಿಡಿದಿತ್ತು, ಬಲಗೈ ತೋರುಬೆರಳಿನಿಂದ ಒಂದೊಂದೇ ಚುಕ್ಕಿ ಹೊತ್ತಿಸುತ್ತ ಬಂದೆ. ಮಕಾರ ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಡಿಯಿತು. ಲಕಾರದ ಒತ್ತಿನ ಬಾಲ ಬರೆಯುತ್ತಿದ್ದಾಗ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಗಂಡ ತಲೆಗೆ ದಾರ ಕಟ್ಟಿಕೊಂಡು ದಿಂಬಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದಾನೆ.

"ಏನ್ರೀ, ಲಕ್ವಾ ಹೊಡದೈತೇನು?"

"ಮಾತಾಡಬ್ಯಾಡ. ಒತ್ತಿನ್ಯಾಗ ಅದೀನಿ."

ಅವಳು ಮಗಳನ್ನು ಕರೆದಳು. ಮಗಳು ಒಂದು ಸುತ್ತು ನನ್ನನ್ನೂ ಒಂದು ಸುತ್ತು ಫೋನನ್ನೂ ನೋಡಿ, "ಅಪ್ಪಾ, ಆಟೊ ರೊಟೇಟ್ ಆಫ್ ಮಾಡಿದ್ರ ಆಗ್ತಿತ್ತು" ಅಂದಳು. ಮಾಡಬಹುದಿತ್ತು. ಆದರೆ ಪಕಾರವೊಂದೇ ಉಳಿದಿತ್ತು, ಅದನ್ನೂ ಮಲಗಿಯೇ ಮುಗಿಸಿದೆ. ಆಟದ ನಿಯಮ ಅರ್ಧಕ್ಕೆ ಬದಲಿಸುವುದು ನಮ್ಮ ಮನೆತನದಲ್ಲಿಲ್ಲ.

ಉಳಿದದ್ದು ಕಬ್ಬಿಣದ ಕೆಲಸ, ಬೇಗ ಹೇಳಿಬಿಡುತ್ತೇನೆ. ಹಿಂದಿನ ಆಯಸ್ಕಾಂತ ಅಡ್ಡಕ್ಕೆ ಹೊಂದಿದ್ದರಿಂದ ಬ್ಯಾಡ್ಜು ನೆಟ್ಟಗೆ ನಿಲ್ಲದೆ ಕುಡಿದವನ ಹಾಗೆ ವಾಲುತ್ತಿತ್ತು. ದಗಡೂಶೇಠ್ ಗಣಪತಿಗೆ ಕೈಮುಗಿದು ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ನುಗ್ಗಿದೆ. ಪುಣೆಯಲ್ಲಿ ವೈರು, ಸ್ವಿಚ್ಚು, ಸೆಲ್ಲು, ಸೋಲ್ಡರ್ ತಂತಿ ಬೇಕಾದವರು ಕೊನೆಗೆ ಸೇರುವುದು ಅಲ್ಲಿಗೇ. ಆಯಸ್ಕಾಂತ, ರಾಳ, ಹಳೆಯ ಫೋನಿನ ದೊಡ್ಡ ಬ್ಯಾಟರಿ ತಂದು, ಡಬ್ಬಿಯೊಳಗೆ ಹಿಡಿಸದ ಬ್ಯಾಟರಿಯನ್ನು ಹೊರಗೇ ಟೇಪು ಸುತ್ತಿ, ಕೆಂಪು ಕರಿ ತಂತಿಯಿಂದ ಬೆಸೆದೆ. ಇದೇ ಪುಣೆ ಜಿಲ್ಲೆಯ ಪಾಬಳದಲ್ಲಿ ಕಲಬಾಗ್ ಅವರು ಕಟ್ಟಿದ ವಿಜ್ಞಾನ ಆಶ್ರಮವಿದೆ. ಅಮೆರಿಕದ ಎಂಐಟಿಯವರು 2002ರ ಸುಮಾರಿಗೆ ತಮ್ಮ ದೇಶದ ಹೊರಗೆ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರ ಶುರುಮಾಡಲು ಆ ಹಳ್ಳಿಗೆ ಬಂದರು. ಅಲ್ಲಿನ ಮಕ್ಕಳು ಊರಿಗೆ ಉಪಯೋಗವಾಗುವ ಯಂತ್ರ ಮಾಡುತ್ತಾರೆ. ನಾನು ಏನು ಮಾಡಿದೆ ಎಂದು ಯಾರೂ ಕೇಳದಿದ್ದರೆ ಒಳ್ಳೆಯದು.

ಕೇಳಿದರು. ಮುಂದಿನ ಸಭೆಗೆ ಹೊರಟಾಗ, ಮೆಟ್ರೊ ಸ್ಟೇಷನ್ನಿನಲ್ಲಿ. ಚೀಲ ಎಕ್ಸ್-ರೇ ಯಂತ್ರದೊಳಗೆ ಹೋಯಿತು, ಪಟ್ಟಿ ನಿಂತಿತು. ಕಾವಲಿನ ಹುಡುಗಿ ಪರದೆಗೆ ಮೂಗು ತಾಗಿಸಿ ನೋಡಿದಳು: ಬ್ಯಾಟರಿ, ಟೇಪು, ಕೆಂಪು ತಂತಿ, ಕರಿ ತಂತಿ.

"ಕಾಕಾ, ಹೇ ಕಾಯ್ ಆಹೇ?"

"ಮಾಝಂ ನಾಂವ್ ಆಹೇ," ಅಂದೆ. ನನ್ನ ಹೆಸರು. ನಿಜವನ್ನೇ ಹೇಳಿದ್ದೆ.

ಪಕ್ಕಕ್ಕೆ ನಿಲ್ಲಿಸಿದರು. ಇನ್ನೊಬ್ಬರು ಬಂದರು, ಅವರ ಮೇಲಿನವರು ಬಂದರು. ಸಭೆಯ ಮೊದಲ ಭಾಷಣ ಕೈತಪ್ಪುತ್ತಿತ್ತು, ಸಿಟ್ಟು ನೆತ್ತಿಗೇರಿತ್ತು. ಇವರಿಗೆ ಎಲ್‌ಇಡಿಗೂ ಬಾಂಬಿಗೂ ವ್ಯತ್ಯಾಸ ಗೊತ್ತಿಲ್ಲವೇ ಎಂದು ಹಲ್ಲು ಕಡಿದೆ. ಆಮೇಲೆ ಆ ಹುಡುಗಿಯ ಕೈ ನೋಡಿದೆ. ನಡುಗುತ್ತಿತ್ತು. 2010ರ ಫೆಬ್ರವರಿ 13ರ ಸಂಜೆ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಯಾರೋ ಬಿಟ್ಟುಹೋದ ಚೀಲ ಸಿಡಿದು 17 ಜನ ಸತ್ತ ಊರು ಇದು. 2012ರ ಆಗಸ್ಟ್ 1ರಂದು ಜಂಗಲಿ ಮಹಾರಾಜ ರಸ್ತೆಯಲ್ಲಿ ಒಂದರ ಹಿಂದೊಂದು ಸಣ್ಣ ಬಾಂಬು ಸಿಡಿದವು. ಬೇಕರಿಯ ಸುದ್ದಿ ಬಂದ ರಾತ್ರಿ ನನಗೆ ಫೋನು ಸಿಗದೆ ಧಾರವಾಡದಲ್ಲಿ ಅವ್ವ ಬೆಳಗಿನ ತನಕ ದೇವರ ಮುಂದೆ ಕೂತಿದ್ದಳು. ಬಾಸ್ಟನ್ ವಿಮಾನ ನಿಲ್ದಾಣದಲ್ಲಿ 2007ರಲ್ಲಿ ಅಂಗಿಯ ಮೇಲೆ ದೀಪದ ಹಲಗೆ ತೊಟ್ಟುಬಂದ ಒಬ್ಬ ವಿದ್ಯಾರ್ಥಿನಿಯನ್ನು ಪೊಲೀಸರು ಬಂದೂಕು ಹಿಡಿದೇ ಬಂಧಿಸಿದ್ದರು. ನನ್ನನ್ನು ಈ ಹುಡುಗಿ ಕಾಕಾ ಅಂದಳು. ನಾನು ಬ್ಯಾಟರಿ ತಂತಿ ಬಿಡಿಸಿ ಅವಳ ಕೈಗೆ ಕೊಟ್ಟೆ, ಅವಳು ಹಣೆ ಒರೆಸಿಕೊಂಡು ಚೀಲ ಹಿಂದಿರುಗಿಸಿದಳು. ಈಗ ಬ್ಯಾಡ್ಜು ಒಂದು ಡಬ್ಬಿಯಲ್ಲಿ, ಬ್ಯಾಟರಿ ಇನ್ನೊಂದರಲ್ಲಿ ಪಯಣಿಸುತ್ತವೆ.

ಸಭೆಯಲ್ಲಿ ಮಲ್ಲಪ್ಪ ಎದೆಯುದ್ದ ಹೊತ್ತಿದ. ಚಹಾದ ಸಾಲಿನಲ್ಲಿ ಒಬ್ಬ "ಜಪಾನೀಸ್?" ಅಂದ. ಮೇಲಿನಿಂದ ಕೆಳಗೆ ಇಳಿದದ್ದೆಲ್ಲ ಜಪಾನೇ. ಇನ್ನೊಬ್ಬ ದೀರ್ಘವಾಗಿ ನೋಡಿ "ತೆಲುಗು" ಎಂದು ತೀರ್ಪು ಕೊಟ್ಟ. ಸೊಲ್ಲಾಪುರದಿಂದ ಬೆಳಗಾವಿಯ ತನಕ ಗಡಿ ಹಂಚಿಕೊಂಡು, ದಿನಾ ಬೆಳಿಗ್ಗೆ ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ ತಿಂದು, ಭೀಮಸೇನ ಜೋಶಿಯವರನ್ನು ತಮ್ಮವರೆಂದು ಅಪ್ಪಿಕೊಂಡ ಜನಕ್ಕೆ ನಮ್ಮ ಮೂರಕ್ಷರ ಗುರುತು ಹತ್ತುವುದಿಲ್ಲವೆಂದರೆ ಏನು ಹೇಳುವುದು! ಇಡ್ಲಿಯನ್ನೂ 'ಜಪಾನೀಸ್?' ಎಂದು ಕೇಳಬೇಕಿತ್ತು.

ಆಗ ಹಿಂದಿನಿಂದ ಒಂದು ದನಿ, "ಮಲ್ಲಪ್ಪ ಸರ?"

ತಿರುಗಿದೆ. ಅಕ್ಕಲಕೋಟೆ ಕಡೆಯ ಹುಡುಗ, ಏಳನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಓದಿದವನು. ಒತ್ತು ಸಮೇತ ಓದಿದ್ದ. ಅಪ್ಪಿಕೊಳ್ಳಬೇಕೆನಿಸಿತು, ಬ್ಯಾಟರಿ ಅಡ್ಡ ಬಂತು. ತನಗೂ ಒಂದು ಬ್ಯಾಡ್ಜು ಮಾಡಿಕೊಡಿ ಅಂದ. "ಏನಪಾ ನಿನ್ನ ಹೆಸರು?"

"ಸಿದ್ಧೇಶ್ವರ ರೀ."

ಚಹಾ ಲೋಟ ಕೆಳಗಿಟ್ಟು ಲೆಕ್ಕ ಹಾಕಿದೆ. ನಾಲ್ಕು ಅಕ್ಷರ, ಒಂದಕ್ಕೆ 11 ಸಾಲು, ನಡುವೆ ಉಸಿರಿಗೆ ಜಾಗವಿಲ್ಲ. ಧಕಾರದ ಒತ್ತು, ವಕಾರದ ಒತ್ತು. ಅದರ ಮೇಲೆ 'ದ್ಧೇ' ಬಲಕ್ಕೆ ದೀರ್ಘದ ಕೈ ಚಾಚುತ್ತದೆ, ಹನ್ನೊಂದರ ಅಗಲದಲ್ಲಿ ಆ ಕೈ ಹಲಗೆಯ ಹೊರಗೆ.

"ಸಿದ್ದು ಅಂತ ಹಾಕಿದ್ರ ನಡೀತೈತ್ರಿ ಸರ," ಅಂದ ಹುಡುಗ.

"ನಡೆಯಂಗಿಲ್ಲ," ಅಂದೆ. ಎರಡು ಬ್ಯಾಡ್ಜು ಅಕ್ಕಪಕ್ಕ ಬೆಸೆದರೆ ಅಗಲ 22 ಆಗುತ್ತದೆ, ಎರಡೂ ಚಿಪ್ಪುಗಳಿಗೆ ಒಂದೇ ತಾಳ ಕಲಿಸುವುದು ಆಮೇಲಿನ ಮಾತು. ಅಲ್ಲಿಂದಲೇ ತಪಕೀರ್ ಗಲ್ಲಿಯವನಿಗೆ ಫೋನು ಮಾಡಿದೆ. ಎರಡು ಇವೆ, ಆದರೆ ಒಂದು ನೀಲಿ, ಒಂದು ಗುಲಾಬಿ ಅಂದ. ಹುಡುಗನ ಮುಖ ನೋಡಿದೆ.

"ಒತ್ತು ಗುಲಾಬಿ ಮಾಡ್ರಿ," ಅಂದ.