ಗಂಟು ಕಾಪಾಡುವ ಕ್ರಮ: ಗೃಹಬಳಕೆಗೊಂದು ಕೈಪಿಡಿ

ಗಂಟು ಕಾಪಾಡುವುದರಲ್ಲಿ ನಮ್ಮ ಹೆಂಗಸರನ್ನು ಮೀರಿಸಿದವರಿಲ್ಲ. ಸೆರಗಿನ ತುದಿಯ ಗಂಟು, ಸಾಸಿವೆ ಡಬ್ಬಿಯ ತಳದ ಗಂಟು, ಹಳೇ ಸೀರೆಯ ಮಡಿಕೆಯೊಳಗಿನ ಗಂಟು, ಯಾವುದೂ ಯಜಮಾನರ ಕಣ್ಣಿಗೆ ಬಿದ್ದ ದಾಖಲೆಯಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಸ್ತನದಲ್ಲಿ ಅವರೆಕಾಳಿನಷ್ಟು ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತೇ? ಗಾಬರಿ ಬೇಡ. ಕೆಳಗಿನ ಸೂಚನೆಗಳನ್ನು ತಪ್ಪದೆ ಪಾಲಿಸಿ. ಅವರೆಕಾಳು ನಿಂಬೆಹಣ್ಣಾಗುವವರೆಗೂ ಗುಟ್ಟು ಹೊರಬೀಳುವುದಿಲ್ಲ.

ಹಂತ 1: ನೋವಿದೆಯೇ ಎಂದು ಒತ್ತಿ ನೋಡಿ. ಇಲ್ಲವೇ? ಸರಿ, ಸುಮ್ಮನಿರಿ. ನಮ್ಮ ಮನೆಗಳಲ್ಲಿ ನೋವಿಲ್ಲದ್ದು ಕಾಯಿಲೆಯೇ ಅಲ್ಲ. ನೋವಿದ್ದರೂ ಅಡುಗೆ ಮುಗಿಯುವವರೆಗೆ ಅಲ್ಲ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಇಷ್ಟು ಸದ್ದಿಲ್ಲದೆ ಇರುವ ನೆಂಟರನ್ನು ಯಾರಾದರೂ ಹೊರಡಿ ಅನ್ನುತ್ತಾರೆಯೇ?

ಹಂತ 2: ಕನ್ನಡಿಯನ್ನು ಕುಂಕುಮ ಇಡುವುದಕ್ಕೆ ಮಾತ್ರ ಬಳಸಿ. ಹಣೆಯಿಂದ ಕೆಳಗೆ ನೋಡಿದರೆ ಅಪಾಯವಿದೆ. ಚರ್ಮ ಒಂದು ಕಡೆ ಕುಳಿ ಬಿದ್ದಿರುವುದು, ಕಿತ್ತಳೆ ಸಿಪ್ಪೆಯಂತೆ ಒರಟಾಗಿರುವುದು, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿರುವುದು, ಅದರಿಂದ ರಕ್ತ ಒಸರುವುದು, ಕಂಕುಳಲ್ಲೊಂದು ಉಂಡೆ, ಇವೆಲ್ಲ ಕಂಡುಬಿಟ್ಟಾವು. ಕಂಡ ಮೇಲೆ ಕಾಣದಂತಿರುವುದು ಕಷ್ಟ.

ಹಂತ 3: ಅದರ ಹೆಸರೆತ್ತಬೇಡಿ. ಹೇಳಲೇಬೇಕಾಗಿ ಬಂದರೆ ನಾದಿನಿಯ ಕಿವಿಯಲ್ಲಿ 'ಎದೆ ಹತ್ರ ಏನೋ ಒಂಥರಾ' ಅನ್ನಿ. ಡಾಕ್ಟರ ಮುಂದೆ ಹೋದರೂ ಗ್ಯಾಸ್ಟ್ರಿಕ್ ವಿಚಾರ ಮಾತಾಡಿ, ಮಾತ್ರೆ ಬರೆಸಿಕೊಂಡು ಎದ್ದು ಬನ್ನಿ.

ಹಂತ 4: ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ 'ಪುರುಸೊತ್ತಿಲ್ಲ ಕಣಮ್ಮಾ' ಎಂದು ಸಾಗಹಾಕಿ. 30ರಿಂದ 65 ವರ್ಷದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ತರಬೇತಾದವರಿಂದ ಸ್ತನ ಪರೀಕ್ಷೆ ಆಗಬೇಕೆಂಬುದು ಸರ್ಕಾರದ ಕಾರ್ಯಕ್ರಮ. ಬರೀ ಕೈಯಿಂದ ಏನು ತಿಳಿದೀತು ಎಂದು ಉಡಾಫೆ ಮಾಡಬೇಡಿ, ನಿಮ್ಮ ಗಂಟಿಗೆ ಆ ಕೈಗಳೇ ಕಂಟಕ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ, ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ 20 ವರ್ಷ ಲೆಕ್ಕವಿಟ್ಟರು. ಒಂದು ಗುಂಪನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದವರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಆ ಗುಂಪಿನಲ್ಲಿ ಕಾಯಿಲೆ ಬೇಗ ಸಿಕ್ಕಿತು; 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಶೇಕಡಾ 30ರಷ್ಟು ಇಳಿಯಿತು. ಬಾಗಿಲು ಹಾಕಿಕೊಳ್ಳುವುದೇ ಕ್ಷೇಮ.

ಹಂತ 5: ಮ್ಯಾಮೊಗ್ರಾಮ್ ಎಂಬ ಶಬ್ದ ಕೇಳಿದರೆ 'ಅಯ್ಯೋ, ಒತ್ತುತ್ತಾರಂತೆ' ಅನ್ನಿ. ಒತ್ತುವುದು ನಿಜ, ಎರಡು ತಟ್ಟೆಗಳ ನಡುವೆ ಕೆಲವೇ ಸೆಕೆಂಡು. ಎರಡು ಹೆರಿಗೆ ಮಾಡಿಕೊಂಡವರು ಇದಕ್ಕೆ ಹೆದರಬೇಕಾದ್ದು ನ್ಯಾಯವೇ! ಆ ಎಕ್ಸ್‌ರೇ ಬೆರಳಿಗೆ ಸಿಗದಷ್ಟು ಚಿಕ್ಕದನ್ನೂ ತೋರಿಸಿಬಿಡುತ್ತದೆ. ಅಮೆರಿಕದ ತಜ್ಞರ ಸಮಿತಿ 2024ರಿಂದ 40ರಿಂದ 74 ವರ್ಷದ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತಿದೆ. 'ನಲವತ್ತಕ್ಕೇ ಏನು ಅವಸರ' ಎಂದು ನೀವು ನಗಿ. ಪಾಶ್ಚಾತ್ಯ ಹೆಂಗಸರಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ನಮ್ಮವರಿಗೆ ಈ ಕಾಯಿಲೆ ಬರುತ್ತದೆ ಎಂಬುದನ್ನು ಮಾತ್ರ ನೆನಪಿಸಿಕೊಳ್ಳಬೇಡಿ.

ಹಂತ 6: ಕ್ಯಾಲೆಂಡರ್ ಇಳಿಸಿಕೊಂಡು ಕೂರಿ. ಗೌರಿಹಬ್ಬ ಕಳೆಯಲಿ. ದಸರಾ ಆಗಲಿ. ಮಗನ ಪಿಯುಸಿ ಪರೀಕ್ಷೆ, ಅತ್ತೆಯ ಕಣ್ಣಿನ ಪೊರೆ, ಮಗಳ ಬಾಣಂತನ. ನಿಮ್ಮ ಸರದಿ ಬರುವ ತಿಂಗಳು ಆ ಕ್ಯಾಲೆಂಡರಿನಲ್ಲಿ ಅಚ್ಚಾಗಿಲ್ಲ, ನಿಶ್ಚಿಂತೆಯಿಂದಿರಿ.

ಹಂತ 7: ಯಾರಾದರೂ ಒತ್ತಾಯ ಮಾಡಿದರೆ ಎರಡು ಉತ್ತರ ಸಿದ್ಧವಿರಲಿ. ಒಂದು, 'ನಮ್ಮ ವಂಶದಲ್ಲೇ ಇಲ್ಲ.' ವಂಶದ ಜೀನ್‌ನಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಉಳಿದವರ ವಂಶದಲ್ಲೂ ಅವರೇ ಮೊದಲಿಗರಾಗಿರಬಹುದು. ಎರಡು, 'ಪರೀಕ್ಷೆಗೆ ಸೂಜಿ ಚುಚ್ಚಿದರೆ ಹರಡುತ್ತೆ.' ಹರಡುವುದು ಕಾಯುವುದರಿಂದ, ಸೂಜಿಯಿಂದಲ್ಲ. ಆದರೆ ಅಷ್ಟು ಹೊತ್ತಿಗೆ ನೀವು ಒಳಗೆ ಹಾಲು ಕಾಯಿಸಲು ಹೋಗಿರುತ್ತೀರಿ.

ಎಚ್ಚರಿಕೆ: ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಪ್ಪಿತಪ್ಪಿ ತೋರಿಸಿದರೆ 'ಏನೂ ಇಲ್ಲಮ್ಮ, ನಿಶ್ಚಿಂತೆಯಾಗಿರಿ' ಎಂದುಬಿಟ್ಟಾರು. ಆಮೇಲೆ ನಿದ್ದೆಗೆಡಲು ಕಾರಣವೇ ಇರುವುದಿಲ್ಲ.

ಗಂಡಸರಿಗೆ: ಈ ಕೈಪಿಡಿಯನ್ನು ನೀವೂ ಬಳಸಬಹುದು. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಗಂಡಸರು. ಹೆಂಡತಿಗೆ 'ಆಸ್ಪತ್ರೆಗೆ ಹೋಗೋಣ ನಡಿ' ಎನ್ನದಿರುವುದು ಮಾತ್ರ ನಿಮಗೇ ಮೀಸಲಾದ ಹೆಚ್ಚುವರಿ ಸೂಚನೆ.

ವಾರಂಟಿ: ಇಲ್ಲ.

ಈ ಕೈಪಿಡಿಯನ್ನು ಯಾರೂ ಅಚ್ಚು ಹಾಕಿಸಿಲ್ಲ, ಆದರೂ ಮನೆಮನೆಯಲ್ಲಿ ಬಾಯಿಪಾಠ. ಭಾರತದ ಹೆಂಗಸರಿಗೆ ಬೇರೆಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಬರುವುದು ಸ್ತನದ್ದೇ, ಅದು ಬಂದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಅಮೆರಿಕದ ಲೆಕ್ಕದಲ್ಲಿ, ಸ್ತನದಾಚೆ ಹಬ್ಬುವ ಮೊದಲೇ ಸಿಕ್ಕರೆ ಹತ್ತಿರಹತ್ತಿರ ಎಲ್ಲರೂ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹಬ್ಬಿದ ಮೇಲೆ ಸುಮಾರು ಮೂವರಲ್ಲಿ ಒಬ್ಬರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಆದ್ದರಿಂದ ಓದಿದ್ದಾದ ಮೇಲೆ ಈ ಹಾಳೆಯನ್ನು ಒಲೆಗೆ ಹಾಕಿ. ಹೊಸದಾಗಿ ಏನೇ ಬದಲಾವಣೆ ಕಂಡರೂ ಈ ವಾರವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಏನೂ ಕಾಣದಿದ್ದರೂ, 40 ಆಗಿದ್ದರೆ ಮ್ಯಾಮೊಗ್ರಾಮ್ ಬಗ್ಗೆ ಡಾಕ್ಟರನ್ನು ಕೇಳಿ. ವಂಶದಲ್ಲಿ ಯಾರಿಗಾದರೂ ಬಂದಿದ್ದರೆ ಅದಕ್ಕೂ ಮುಂಚೆಯೇ ಕೇಳಿ. ಜೊತೆಗೆ ಅಕ್ಕನನ್ನೋ ಪಕ್ಕದ ಮನೆಯವರನ್ನೋ ಕರೆದುಕೊಳ್ಳಿ, ಅವರದ್ದೂ ಆಗಿಹೋಗಲಿ. ತೋರಿಸಿದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಹೋದರೆ ಅದೊಂದೇ ಗಂಟು, ಹೋಗಲಿ ಬಿಡಿ.