ಯಾದಿಯಲ್ಲಿರುವ ಚಿಕಿತ್ಸಕರು: ಅಮೆರಿಕದ ವಿಮಾ ಕಂಪನಿಗಳಿಗೊಂದು ಬಹಿರಂಗ ಪತ್ರ

ಅಮೆರಿಕದ ಖಾಸಗಿ ಆರೋಗ್ಯ ವಿಮಾ ಕಂಪನಿಗಳ ಮಾನ್ಯ ಆಡಳಿತ ಮಂಡಳಿಗಳ ಸನ್ನಿಧಿಗೆ,

ದೇಹದ ಕಾಯಿಲೆಗಿರುವುದಕ್ಕಿಂತ ಬಿಗಿಯಾದ ಮಿತಿಗಳನ್ನು ಮನಸ್ಸಿನ ಕಾಯಿಲೆಯ ಮೇಲೆ ಹೇರಬಾರದೆಂದು 2008ರ ಸಮಾನತಾ ಕಾಯ್ದೆ ವಿಧಿಸಿದ ಮೇಲೂ, ಅದಕ್ಕೆ ತಲೆಬಾಗಿದಂತೆ ಕಾಣಿಸಿಕೊಳ್ಳುತ್ತಲೇ ಅದರ ಫಲ ರೋಗಿಯ ಕೈಗೆ ಎಟುಕದಂತೆ ನೋಡಿಕೊಂಡ ತಮ್ಮ ಕೌಶಲ್ಯವು ಅಧ್ಯಯನಯೋಗ್ಯವಾದುದು. 2009–10ರಲ್ಲಿ ಅಲ್ಲಿನ ಮನೋವೈದ್ಯರಲ್ಲಿ ಖಾಸಗಿ ವಿಮೆ ಒಪ್ಪುತ್ತಿದ್ದವರು ಶೇ. 55ರಷ್ಟು ಮಾತ್ರ, ಇತರ ವೈದ್ಯರಲ್ಲಿ ಈ ಪ್ರಮಾಣ ಶೇ. 89ರ ಆಸುಪಾಸಿನಲ್ಲಿತ್ತು.

ಇದಕ್ಕೆ ವೈದ್ಯರ ಹಣದಾಸೆಯೇ ಕಾರಣವೆನ್ನುವವರು ಬಿಲ್ಲಿನ ಸಂಕೇತ ಸಂಖ್ಯೆಗಳ ಮಹಿಮೆಯನ್ನು ಅರಿಯದವರು. ಮಾತುಚಿಕಿತ್ಸೆ, ಅರ್ಥಾತ್ ಔಷಧಿಗಿಂತ ಸಂವಾದವನ್ನೇ ನೆಚ್ಚಿದ ಚಿಕಿತ್ಸೆ, 38ರಿಂದ 52 ನಿಮಿಷ ನಡೆದರೆ 90834 ಎಂದೂ, 53 ನಿಮಿಷ ಮುಟ್ಟಿದರೆ 90837 ಎಂದೂ ನಮೂದಾಗುತ್ತದೆ. ಎರಡನೆಯದನ್ನು ಪದೇ ಪದೇ ಬರೆಯುವ ಚಿಕಿತ್ಸಕರಿಗೆ, ಅವರು ಸಹೋದ್ಯೋಗಿಗಳಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಾರೆಂಬ ಒಕ್ಕಣೆಯ ಪತ್ರ ಕೆಲವು ಕಂಪನಿಗಳಿಂದ ಹೋಗಿದ್ದುಂಟು. ಮಗನನ್ನು ಕಳೆದುಕೊಂಡ ತಾಯಿಯ ಅಳು 52ನೆಯ ನಿಮಿಷಕ್ಕೆ ನಿಲ್ಲಬೇಕೆಂಬ ವಿಧಿ ಮನಶ್ಶಾಸ್ತ್ರದ ಗ್ರಂಥಗಳಲ್ಲಿ ಇಲ್ಲದಿರುವುದು ಆ ಶಾಸ್ತ್ರದ ಕೊರತೆಯೇ ಸರಿ.

ಗುಮಾಸ್ತರಿಲ್ಲದೆ ಒಬ್ಬರೇ ಚಿಕಿತ್ಸಾಲಯ ನಡೆಸುವವರು ಪೂರ್ವಾನುಮತಿಗೂ ತಿರಸ್ಕೃತ ಬಿಲ್ಲುಗಳ ಮರುಸಲ್ಲಿಕೆಗೂ ಸವೆಸುವ ಸಂಜೆಗಳಿಗೆ ಯಾವ ಸಂಕೇತ ಸಂಖ್ಯೆಯೂ ಇಲ್ಲ. ಸಾಲದ್ದಕ್ಕೆ, ಕಡತದಲ್ಲಿ ಲೋಪ ಕಂಡಿತೆಂದು, ಕೊಟ್ಟ ಹಣವನ್ನು ತಿಂಗಳುಗಳು ಕಳೆದ ಮೇಲೆ ಮರುವಸೂಲಿ ಮಾಡುವ ಪದ್ಧತಿ ಬೇರೆ. ಇಷ್ಟಾದ ಮೇಲೆ ಅವರು ಜಾಲದಿಂದ, ಎಂದರೆ ಕಂಪನಿಯ ದರಕ್ಕೆ ಕರಾರು ಮಾಡಿಕೊಂಡವರ ಕೂಟದಿಂದ, ಹೊರನಡೆದು ಕೈಯಿಂದ ಹಣ ಕೊಡುವವರಿಗಷ್ಟೇ ಬಾಗಿಲು ತೆರೆದರೆ, ಅದನ್ನು 'ಚಿಕಿತ್ಸಕರ ಅಭಾವ' ಎಂದು ಕರೆಯುವ ಸೌಜನ್ಯವೂ ತಮ್ಮದೇ.

ಹೊರನಡೆದವರ ಹೆಸರು ಮಾತ್ರ ಕಂಪನಿ ಕೊಡುವ ಜಾಲದ ಚಿಕಿತ್ಸಕರ ಯಾದಿಯಲ್ಲಿ ಭದ್ರವಾಗಿರುತ್ತದೆ. ಇಂಥ ಯಾದಿಗೆ ಅಲ್ಲಿ 'ಭೂತಜಾಲ'ವೆಂದೇ ಹೆಸರು. 2023ರಲ್ಲಿ ಸೆನೆಟ್‌ನ ಹಣಕಾಸು ಸಮಿತಿಯ ಸಿಬ್ಬಂದಿ, ಮುಖ್ಯವಾಗಿ ಹಿರಿಯ ನಾಗರಿಕರಿಗಾಗಿ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳ ಯಾದಿ ಹಿಡಿದು 120 ಕರೆ ಮಾಡಿದಾಗ, ಭೇಟಿಯ ಸಮಯ ಸಿಕ್ಕಿದ್ದು ಶೇ. 18ರಷ್ಟು ಕರೆಗಳಲ್ಲಿ. ಹಾಸಿಗೆ ಬಿಟ್ಟೇಳಲಾಗದ ಖಿನ್ನತೆಯಲ್ಲಿರುವವರು ಇಷ್ಟೊಂದು ಕರೆ ಮಾಡಬಲ್ಲರಾದರೆ ಅವರಿಗೆ ಚಿಕಿತ್ಸೆಯೇ ಅನಗತ್ಯವೆಂಬ ತರ್ಕ ಇದರ ಹಿಂದಿರಬಹುದು.

ತಮ್ಮಲ್ಲಿ ಬಿನ್ನಹವಿಷ್ಟೇ: ಪ್ರೀಮಿಯಂ ಕಟ್ಟಲು ಕೊಟ್ಟ ದೂರವಾಣಿ ಸಂಖ್ಯೆ ಎಂದೂ ತಪ್ಪಾಗುವುದಿಲ್ಲವಾದ ಕಾರಣ, ಅದನ್ನು ನೋಡಿಕೊಳ್ಳುವ ಸಿಬ್ಬಂದಿಗೇ ಚಿಕಿತ್ಸಕರ ಯಾದಿಯ ಹೊಣೆಯನ್ನೂ ವಹಿಸಬೇಕು.

ಇಂತಿ,
ಕಂತು ತಪ್ಪಿಸದ ಪಾಲಿಸಿದಾರರು