ಸಾರಿಗೆ ವೇದಾಂತದಲ್ಲಿ ಮಾಲೀಕ-ಸ್ವರೂಪ ನಿರ್ಣಯ

ಸರ್ಕಾರದೊಡನೆ ವೇತನ ಒಪ್ಪಂದಕ್ಕೆ ಕೂರುವ ಕಾರ್ಮಿಕ ಸಂಘಟನೆಗಳು ಇಷ್ಟು ಕಾಲ ನೋಟಿಸು, ಧರಣಿ, ಮುಷ್ಕರವೆಂಬ ಕರ್ಮಕಾಂಡದಲ್ಲೇ ಬೆವರು ಹರಿಸಿವೆ; ಎದುರಿಗೆ ಕೂತವನು ಯಾರೆಂಬ ಜ್ಞಾನಕಾಂಡಕ್ಕೆ ಕೈ ಹಾಕಿದ್ದು ಕಡಿಮೆ. ವಿಜಯನಗರದ ಟಿಟಿಎಂಸಿ ಬಸ್ ನಿಲ್ದಾಣದಿಂದ ಕೆಂಗೇರಿಯ ಕಡೆಗೆ ಬಿಎಂಟಿಸಿ ಬಸ್ಸು ಓಡಿಸುವವನ ಮಾಲೀಕ ಯಾರು? ಈ ನಿಗಮ ಕೆಎಸ್‌ಆರ್‌ಟಿಸಿಯಿಂದ ಬೇರೆಯಾದದ್ದು 1997ರ ಆಗಸ್ಟ್ 15ರಂದು. ಸ್ವಾತಂತ್ರ್ಯೋತ್ಸವದ ದಿನ ಹುಟ್ಟಿತೆಂಬ ಒಂದೇ ಕಾರಣಕ್ಕೆ ಅದನ್ನು ಸ್ವತಂತ್ರವೆಂದು ನಂಬುವ ಅಮಾಯಕರೂ ಇದ್ದಾರೆ. ನಮ್ಮ ಸಿದ್ಧಾಂತ ಇಷ್ಟು: ಸಂಬಳ ಕೇಳಿದಾಗ ನಿಗಮಕ್ಕೂ ಸರ್ಕಾರಕ್ಕೂ ದ್ವೈತ, ಮುಷ್ಕರ ಹೂಡಿದಾಗ ಅದ್ವೈತ.

ಪ್ರಮಾಣಗಳನ್ನು ನೋಡೋಣ. 2020ರ ಡಿಸೆಂಬರಿನಲ್ಲಿ ಸಾರಿಗೆ ನೌಕರರು ಹೂಡಿದ ನಾಲ್ಕು ದಿನದ ಮುಷ್ಕರದಲ್ಲಿ ಹತ್ತು ಬೇಡಿಕೆಗಳ ಪೈಕಿ ಒಂಬತ್ತಕ್ಕೆ ಸರ್ಕಾರ ತಲೆಯಾಡಿಸಿತು. ಉಳಿದ ಒಂದು, ನಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಎಂಬುದು. ಅಂದರೆ ನೇರ ಐಕ್ಯದ ಬೇಡಿಕೆ. ಅಲ್ಲಿ ಭೇದ ನಿತ್ಯಸತ್ಯವೆಂದು ಸಾರಲಾಯಿತು. 2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಹೆಸರಲ್ಲಿ ಬಸ್ಸುಗಳು ಮತ್ತೆ ನಿಂತವು. ಆಗ ಮುಷ್ಕರ ನಿಷೇಧಿಸುವ ಅಗತ್ಯ ಸೇವೆಗಳ ಕಾಯ್ದೆ ಎಸ್ಮಾದ ಮಾತು ಬಂತು, ಖಾಸಗಿ ಬಸ್ಸುಗಳು ನಿಗಮದ ನಿಲ್ದಾಣದೊಳಗೇ ಬಂದವು; ಎಲ್ಲೆಲ್ಲೂ ಸರ್ಕಾರವೇ, ಭೇದವೆಂಬುದು ಬರೀ ಮಾಯೆ. 2023ರ ಮಾರ್ಚ್ ಒಂದರಿಂದ ಶೇ 15ರಷ್ಟು ಹೆಚ್ಚಳ ಸಿಕ್ಕಿತು, ಆದರೆ ಹಳೆಯ ಒಪ್ಪಂದದ ಅವಧಿ ತೀರಿದ್ದು 2019ರ ಕೊನೆಗೆ. ನಡುವಿನ 38 ತಿಂಗಳ ಬಾಕಿ ಯಾರ ಲೆಕ್ಕಕ್ಕೆ? ಇಲ್ಲಿ ಮಾತ್ರ ಎರಡೂ ಮತದವರು ಮೌನವನ್ನೇ ಬ್ರಹ್ಮವೆಂದರು.

ಪೂರ್ವಪಕ್ಷ: ಮುಷ್ಕರದ ಬಲವನ್ನು ನೀವು ಕಡೆಗಣಿಸಿದ್ದೀರಿ, 2016ರ ಜುಲೈಯಲ್ಲಿ ಮೂರೇ ದಿನಕ್ಕೆ ಶೇ 12.5 ದಕ್ಕಲಿಲ್ಲವೇ? ದಕ್ಕಿತು, ಕೇಳಿದ್ದು 35. ಅಲ್ಲದೆ 1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದಲೂ ಸಾರ್ವಜನಿಕ ಸೇವೆಯಲ್ಲಿ ಸಂಧಾನ ನಡೆಯುವಾಗಲೂ, ಅದು ಮುಗಿದು ಏಳು ದಿನ ಕಳೆಯುವವರೆಗೂ ಮುಷ್ಕರ ನಿಷಿದ್ಧ. ಹೀಗಾಗಿ ಮಾತುಕತೆಗೆ ಕರೆಯುವುದೇ ಮುಷ್ಕರ ಮುರಿಯುವ ಅತಿ ಅಗ್ಗದ ಉಪಾಯ; ಖರ್ಚು ಒಂದು ತಟ್ಟೆ ಗೋಡಂಬಿ. ಇನ್ನು ಬಲವೂ ಬಡಾವಣೆಯಿಂದ ಬಡಾವಣೆಗೆ ಬೇರೆ. ರಾಜಾಜಿನಗರಕ್ಕೆ 2014ರಲ್ಲಿ, ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರ ಆಗಸ್ಟಿನಲ್ಲಿ ಮೆಟ್ರೊ ಬಂತು. ಬಸ್ಸಿಲ್ಲದಿದ್ದರೆ ನಿಜವಾಗಿ ಪರದಾಡುವುದು ಬಸವೇಶ್ವರನಗರ. ಚೌಕಾಸಿಯ ಮೇಜಿನಲ್ಲಿ ಆ ಬಡಾವಣೆಗೊಂದು ಕುರ್ಚಿ ಹಾಕದಿರುವುದು ಸಂಘಟನೆಗಳ ಶಾಸ್ತ್ರೀಯ ಲೋಪ.

ಎರಡನೇ ಆಕ್ಷೇಪ ಇನ್ನೂ ಗಂಭೀರ: ನಿಗಮ ನಷ್ಟದಲ್ಲಿದೆ, ಐಕ್ಯವಾದರೆ ಖಜಾನೆ ಬರಿದಾಗುತ್ತದೆ. ಆದರೆ ಆಂಧ್ರದ ಸಾರಿಗೆ ನೌಕರರು ಸರ್ಕಾರದಲ್ಲಿ ಲೀನವಾದದ್ದು 2020ರ ಜನವರಿ ಒಂದರಂದು. ಸರಿಯಾಗಿ ನಮ್ಮ 38 ತಿಂಗಳು ಆರಂಭವಾದ ದಿನ. ಗಡಿಯಾಚೆ ಮೋಕ್ಷ, ಈಚೆ ಬಾಕಿ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗಲೂ ಬಸ್ಸು ಸರ್ಕಾರದ್ದೇ ಎಂಬುದರಲ್ಲಿ ಯಾವ ಮಂತ್ರಿಗೂ ಸಂಶಯವಿರಲಿಲ್ಲ. ಆದ್ದರಿಂದ ಸಂಘಟನೆಗಳು ಶೇಕಡಾವಾರನ್ನು ಕೈಬಿಟ್ಟು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಒಂದೇ ಅಂಶ ಬರೆಯಲಿ: ಎಸ್ಮಾದ ದಿನ ಜಾರಿಯಲ್ಲಿರುವ ಅದ್ವೈತವನ್ನು ಸಂಬಳದ ದಿನಕ್ಕೂ ವಿಸ್ತರಿಸತಕ್ಕದ್ದು, 2020ರ ಜನವರಿ ಒಂದರಿಂದ ಪೂರ್ವಾನ್ವಯವಾಗುವಂತೆ.